ಬಳ್ಳಿ ಕತ್ತರಿಸಿದಂತೆ ಕತ್ತರಿಸಿದ ಪೈಪು

ವಿಜಯಪುರದಲ್ಲಿ ನಳ ರಿಪೇರಿ ಮಾಡುವವರ ಹಣೆಬರಹ ಏನೆಂದರೆ, ನೀರು ಬಾರದಿದ್ದರೂ ಬೈಗುಳ ನಮಗೆ, ಬಂದ ನೀರು ಸೋರಿದರೂ ಬೈಗುಳ ನಮಗೆ. ಕೇಳಿ ಕೇಳಿ ನನ್ನ ಕಿವಿ ತಗಡಾಗಿದೆ. ಆದರೆ ಸುತ್ತ ಕಣ್ಣು ಹಾಯುವಷ್ಟು ದೂರ ಹೊಳೆ ನಿಂತಿರುವಾಗ, ಒಳಗೆ ಬಿದ್ದ ಒಂದು ತಂಬಿಗೆ ನೀರಿಗೆ ಹೆದರಿ ನನ್ನನ್ನು ಕರೆದವರು ಮಾತ್ರ ಒಬ್ಬರೇ.

ಎಳ್ಳಮವಾಸ್ಯೆ ಮುಗಿದಿತ್ತು, ಚಳಿ ಇನ್ನೂ ಬಿಟ್ಟಿರಲಿಲ್ಲ. ಜಲನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಅಲ್ಲಿ ಯಾರದೋ ಗೀಝರಿನ ಹೊಟ್ಟೆ ಬಗೆದು ಕೂತಿದ್ದಾಗ ಟಿಕೋಟಾದ ದ್ರಾಕ್ಷಿ ತೋಟದ ಯಜಮಾನರು ಫೋನ್ ಮಾಡಿದರು. ಅವರ ಮನೆಗೆ ಹಿಂದೆ ನಾನೇ ನಳ ಜೋಡಿಸಿಕೊಟ್ಟಿದ್ದೆ. ಆಗಿನಿಂದ ಅವರ ಕಡೆಯವರಿಗೆಲ್ಲ ನಾನು ಆಪಾ, ಅಂದರೆ ಅಕ್ಕ.

“ಆಪಾರ, ಬೋಟಿನಾಗ ಪೈಪ್ ಸೋರಾಕತ್ತಾವ್ರಿ. ಒಂದೀಟ ಬಂದು ನೋಡ್ರಿ.”

“ಟಿಕೋಟಾದಾಗ ಬೋಟ್ ಎಲ್ಲಿಂದ ಬಂತ್ರಿ ಯಪ್ಪಾ? ದ್ರಾಕ್ಷಿ ಒಣಗಿಸಿ ಮನೂಕ ಮಾಡೋ ಶೆಡ್ಡಿನಾಗ ತೇಲಿಬಿಟ್ಟೀರೇನು?”

ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ. “ಜೀಪ್ ತಗೊಂಡು ನಾನ ಬರ್ತೀನ್ರಿ. ದಾರ್‍ಯಾಗ ಹೇಳ್ತೀನಿ,” ಎಂದರು. ಆ ದನಿ ಕೇಳಿ ನಾನೂ ಸುಮ್ಮನೆ ಗೀಝರು ಬದಿಗಿಟ್ಟು ಚೀಲ ತುಂಬಿದೆ.

ಜೀಪು ಬಬಲೇಶ್ವರ ದಾಟಿ ಕೃಷ್ಣಾ ಹಿನ್ನೀರಿನ ಕಡೆ ಇಳಿಯುವುದರೊಳಗೆ ವಿಷಯ ತಿಳಿಯಿತು. ಯಜಮಾನರು ಕರಾವಳಿಯಿಂದ ಒಂದು ಹಳೆಯ ಫೈಬರ್ ಬೋಟು ತಂದು ಹಿನ್ನೀರಿಗೆ ಬಿಟ್ಟಿದ್ದರು. ಮುಂದೆ ಜನರನ್ನು ಕೂರಿಸಿ ಓಡಾಡಿಸುವ ಇರಾದೆ. ಆದರೆ ಈಗಿನ ಅವಸರ ಅದಲ್ಲ. ಅವರ ಒಬ್ಬಳೇ ಮಗಳು ಬಸುರಿ. ಎರಡು ಸಲ ಬಸುರು ನಿಂತಿರಲಿಲ್ಲ. ಇದು ಮೂರನೆಯದು, ಈಗ ಏಳನೇ ತಿಂಗಳು. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಎದ್ದಿಲ್ಲ. ಗುರುವಾರ ಕುಬಸ, ಅಂದರೆ ಸೀಮಂತ. ನಿನ್ನ ಬಯಕೆ ಏನವ್ವಾ ಎಂದು ಕೇಳಿದ್ದಕ್ಕೆ ಹುಡುಗಿ ಹುಣಸೆಕಾಯಿ ಕೇಳಲಿಲ್ಲ, ಮಾವಿನಕಾಯಿ ಕೇಳಲಿಲ್ಲ. ಅಪ್ಪ ತಂದ ಬೋಟಿನಲ್ಲಿ ನೀರಿನ ಮೇಲೆ ಕೂತು ಊಟ ಮಾಡಬೇಕು ಅಂದಳಂತೆ.

“ಡಾಕ್ಟರಬಾಯಾರು ಏನಂದ್ರಿ?” ಎಂದೆ.

“ಹೂಂ ಅಂದಾರ್ರಿ. ಒಂದ ಕಂಡೀಷನ್ ಮ್ಯಾಲೆ. ಆಕಿಗಿ ಮ್ಯಾಲಿಂದ ಮ್ಯಾಲೆ ಮೂತ್ರದ ಉರಿ ಬರ್ತೈತಿ. ತಡಕೋಬಾರದು. ಬೋಟಿನಾಗ ಸ್ವಚ್ಛ ಸಂಡಾಸ, ನಳದಾಗ ಹರಿಯೋ ನೀರು ಇದ್ರ ಹೋಗ್ರಿ, ಇಲ್ಲಂದ್ರ ಮನ್ಯಾಗ ಮಾಡ್ರಿ ಅಂದಾರ. ಮುಂದ ಎಂಟರಾಗ ಬಿತ್ತಂದ್ರ ಹೊಸ್ತಿಲಾ ದಾಟಸಂಗಿಲ್ಲ ಅಂತ ಈಗ ಹೇಳಿಬಿಟ್ಟಾರ.”

ಇನ್ನೊಂದು ಅಡ್ಡಿ ಅವರ ತಾಯಿಯದು. ಮನೆಯಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಮುದುಕಿ. ಬಸುರಿ ಹೊಳೆ ದಾಟಬಾರದು ಎಂಬುದು ಆಕೆಯ ಮಾತು. ದಾಟುವುದಿಲ್ಲ, ನಡುನೀರಿಗೆ ಹೋಗಿ ಅದೇ ದಂಡೆಗೆ ತಿರುಗಿ ಬರುತ್ತೇವೆ ಎಂದು ಮಗ ಎಷ್ಟು ಬಿಡಿಸಿ ಹೇಳಿದರೂ ಆಯಿ ಮುಖ ಗಂಟಿಕ್ಕಿಕೊಂಡೇ ಇದ್ದರಂತೆ. ಬೋಟಿನಲ್ಲಿ ನೀರು ಬಂತೆಂದು ಗೊತ್ತಾದರೆ ಅಷ್ಟೇ, ಕಥೆ ಮುಗಿಯಿತು.

ಬೋಟು ಚೆನ್ನಾಗಿಯೇ ಇತ್ತು. ಎರಡೂ ಬದಿ ಬೆಂಚು, ಮೇಲೆ ನೆರಳು, ಹಿಂದೆ ಒಂದು ಸಣ್ಣ ಅಡುಗೆ ಕಟ್ಟೆ, ಅದರ ಪಕ್ಕ ಒಬ್ಬರು ತಿರುಗಿ ನಿಲ್ಲುವಷ್ಟು ಜಾಗದ ಸಂಡಾಸು. ನಡುವಿನ ಹಲಗೆ ಎತ್ತಿದರೆ ಕೆಳಗೆ ಬೋಟಿನ ಹೊಟ್ಟೆ. ಅಲ್ಲಿ ಬ್ಯಾಟರಿ ಪೆಟ್ಟಿಗೆ, ನೀರಿನ ಟಾಕಿ, ಪಂಪು, ಪೈಪು, ಮತ್ತು ಒಂದು ಗೇಣು ನೀರು. ಬೋಟು ನಡೆಸುವ ಅಂಬಿಗ ದಂಡೆಯಿಂದಲೇ ಕೂಗಿದ: “ತೂತ ಬಿದ್ದೈತೇನ್ರಿ?”

ಮೊದಲು ಅದನ್ನೇ ತಿಳಿಯಬೇಕಿತ್ತು. ಪಂಪು ಬಂದ್ ಮಾಡಿಸಿ, ನೀರೆಲ್ಲ ತೋಡಿಸಿ, ಚಿಂದಿಯಿಂದ ಒರೆಸಿ, ಊಟ ಮುಗಿಸಿ ಬಂದು ನೋಡಿದೆವು. ಒಣಗಿಯೇ ಇತ್ತು. ಹಾಗಾದರೆ ಹೊಳೆಯ ನೀರು ಒಳಗೆ ಬರುತ್ತಿಲ್ಲ, ನಮ್ಮ ಟಾಕಿಯ ನೀರೇ ಹೊರಗೆ ಬರುತ್ತಿದೆ. ಟಾಕಿಯಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿದೆ. ಪ್ರತಿ ಜಾಯಿಂಟಿನ ಕೆಳಗೆ ಹಳೆ ಪೇಪರಿನ ತುಂಡು ಹಾಸಿ ಪಂಪು ಹಚ್ಚಿದೆ. ಸ್ವಲ್ಪ ಹೊತ್ತಿಗೆ ಪೇಪರಿನ ಮೇಲೆ ನೀಲಿ ಚುಕ್ಕೆಗಳು ಮೂಡಿದವು. ಒಂದು ಕಡೆ ಅಲ್ಲ, ಎರಡು ಕಡೆ ಅಲ್ಲ, ಎಲ್ಲಿ ಜಾಯಿಂಟೋ ಅಲ್ಲೆಲ್ಲ.

ಈ ಪೈಪು ನಾವು ಮನೆಗಳಲ್ಲಿ ಅಂಟು ಹಚ್ಚಿ ಕೂಡಿಸುವ ಜಾತಿಯದಲ್ಲ. ಅಂಟಿಲ್ಲ, ತಿರುಗಿಸಿ ಕೂಡಿಸುವ ಚೂಡಿ ಇಲ್ಲ. ಪೈಪಿನ ತುದಿಯನ್ನು ಜಾಯಿಂಟಿನೊಳಗೆ ದಬ್ಬಿದರೆ ಮುಗಿಯಿತು. ಒಳಗಿನ ಉಕ್ಕಿನ ಹಲ್ಲು ಪೈಪನ್ನು ಕಚ್ಚಿ ಹಿಡಿಯುತ್ತದೆ, ಹಲ್ಲಿನ ಹಿಂದಿನ ರಬ್ಬರ್ ಉಂಗುರ ನೀರು ತಡೆಯುತ್ತದೆ. ಹೋದ ವರ್ಷ ಒಂದು ತಿಂಡಿ ಗಾಡಿಗೆ ಇದೇ ಪೈಪು ಹಾಕಿದ್ದರಿಂದ ನನಗೆ ಇದರ ಸ್ವಭಾವ ಗೊತ್ತು. ಸುಲಭ ಅಂತ ಕಾಣುತ್ತದೆ, ಆದರೆ ಬಲು ಸೊಕ್ಕಿನ ಸಾಮಾನು. ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಮುನಿಸಿಕೊಳ್ಳುತ್ತದೆ.

ಜಾಯಿಂಟಿನ ಕೊರಳಪಟ್ಟಿ ಒತ್ತಿ ಹಿಡಿದು ಒಂದು ಪೈಪು ಹೊರಗೆಳೆದೆ. ತುದಿ ನೋಡಿ ನನಗೆ ತಲೆ ತಿರುಗಿತು. ನೇರ ಇರಬೇಕಾದ ತುದಿ ಬಿದಿರು ಕೆತ್ತಿ ಮಾಡಿದ ಲೇಖನಿಯ ಹಾಗೆ ಓರೆ! ಇನ್ನೊಂದು ಎಳೆದೆ, ಅದೂ ಓರೆ. ಅಷ್ಟೂ ಒಂದೇ ಕಡೆ ವಾಲಿದ, ಬಲು ನಾಜೂಕಾದ ಓರೆ.

“ಇದನ್ನ ಯಾವ ಮಹಾನುಭಾವ ಕತ್ತರಿಸ್ಯಾನ್ರಿ?”

ಯಜಮಾನರ ತೋಟದ ಮೇಸ್ತ್ರಿ ಮುಂದೆ ಬಂದ. ಕಳ್ಳಕವಟಗಿ ಊರಿನವನು, ವಯಸ್ಸಾದವನು, ಗತ್ತಿನ ಮನುಷ್ಯ. ಹಳೆಯ ಪೈಪು ಒಡೆದಿದ್ದಕ್ಕೆ ಹೊಸದನ್ನು ತರಿಸಿ, ತೋಟದ ಆಳುಗಳನ್ನು ಕಟ್ಟಿಕೊಂಡು ಅವನೇ ಜೋಡಿಸಿದ್ದ. ಸೊಂಟದಲ್ಲಿ ಬಳ್ಳಿ ಸವರಿ ಚಾಟ್ನಿ ಮಾಡುವ ಕತ್ತರಿ ಸಿಕ್ಕಿಸಿಕೊಂಡೇ ನಿಂತಿದ್ದ.

“ನಾನ್ರಿ. ಯಾಕ, ಸುದ್ದ ಬಂದಿಲ್ಲೇನು?”

“ಸುದ್ದ ಬಂದೈತಿ. ಓರೆ ಯಾಕ ಹೊಡದಿರಿ?”

ಅವನು ನನ್ನನ್ನು ಸಾಲಿ ಕಲಿಯದ ಹುಡುಗಿಯನ್ನು ನೋಡುವಂತೆ ನೋಡಿದ. “ಓರೆನ ಹೊಡಿಬೇಕ್ರಿ ಆಪಾರ. ನೆಟ್ಟಗ ಹೊಡದ್ರ ತುದಿ ಮ್ಯಾಲೆ ನೀರು ಕೂಡ್ತೈತಿ. ನೀರು ಕೂತ್ರ ಕಡ್ಡಿ ಕೊಳಿತೈತಿ. ನಲವತ್ತು ವರ್ಷದಿಂದ ಹೊಡಿಯಾಕತ್ತೇನಿ, ಒಂದ ಕಡ್ಡಿ ಕೊಳತಿಲ್ಲ.”

“ಯಪ್ಪಾ, ಇದು ಕಡ್ಡಿ ಅಲ್ಲೋ, ಪೈಪ! ಇದರ ಒಳಗ ನೀರು ಹೋಗೂದ ಕೆಲಸ!”

ಯಜಮಾನರು ತಲೆ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟರು. ಅಂಬಿಗ ನಕ್ಕು ನಕ್ಕು ದಂಡೆಯ ಕಲ್ಲಿನ ಮೇಲೆ ಹೊರಳಾಡಿದ. ಮೇಸ್ತ್ರಿ ಮಾತ್ರ ನಗಲಿಲ್ಲ, ಮುಖ ಕಪ್ಪಿಟ್ಟಿತು. ಓರೆ ತುದಿಯ ಚೂಪು ರಬ್ಬರ್ ಉಂಗುರವನ್ನು ಗೀರುತ್ತದೆ, ಉಳಿದರ್ಧ ಪೈಪು ಉಂಗುರವನ್ನು ಮುಟ್ಟುವುದೇ ಇಲ್ಲ ಎಂದು ಒಂದು ಜಾಯಿಂಟು ಬಿಚ್ಚಿ ತೋರಿಸಿದೆ. ಅವನು ನೋಡಿದ, ಕತ್ತರಿಯನ್ನು ಸೊಂಟದಿಂದ ತೆಗೆದು ಕಿಸೆಗೆ ಹಾಕಿಕೊಂಡ.

ಕಾರಣ ಸಿಕ್ಕಿತಲ್ಲ ಎಂದು ನನಗೆ ಖುಷಿ. ಗುಂಡಾಗಿ ತಿರುಗಿಸಿ ಕತ್ತರಿಸುವ ಕಟ್ಟರಿನಿಂದ ಪ್ರತಿ ತುದಿಯನ್ನೂ ನೇರ ಮಾಡಿದೆ, ಅಂಚು ಕೆರೆದೆ, ಗೀರು ಬಿದ್ದ ಉಂಗುರಗಳನ್ನು ಬದಲಿಸಿದೆ, ಮತ್ತೆ ದಬ್ಬಿದೆ. ಪಂಪು ಹಚ್ಚಿದರೆ ಪೇಪರು ಒಣಗಿಯೇ ಇತ್ತು. ಯಜಮಾನರು ಎರಡೂ ಕೈ ಎತ್ತಿ ಮುಗಿದರು. ಮನೆಗೆ ಬಂದು ಬಿಸಿ ರೊಟ್ಟಿ ಉಂಡು, ನನ್ನ ಗಂಡನಿಗೆ ಓರೆ ಪೈಪಿನ ಕಥೆ ಹೇಳಿ ನಗಿಸಿ ಮಲಗಿದೆ.

ಮರುದಿನ ಅಂಬಿಗನ ಫೋನು. “ಆಪಾರ, ಸುಮ್ನ ನಿಂತಾಗ ಬರೋಬ್ಬರಿ ಇತ್ರಿ. ಎಂಜಿನ್ ಹಚ್ಚಿ ಒಂದ ಸುತ್ತ ಹಾಕಿದೆ, ಬ್ಯಾಟರಿ ಪೆಟಗಿ ತನಕ ನೀರು ಬಂದೈತಿ.”

ನಗು ಎಲ್ಲಿ ಹೋಯಿತೋ ದೇವರೇ ಬಲ್ಲ. ಸ್ಕೂಟಿ ಹತ್ತಿ ಹೋಗಿ ನೋಡಿದರೆ ಮೊದಲಿಗಿಂತ ಹೆಚ್ಚು ಸೋರಿಕೆ. ಒಂದು ಜಾಯಿಂಟು ಪೂರ್ತಿ ಕಳಚಿ ಬಿದ್ದಿತ್ತು. ಈ ಸಲ ಅವಸರ ಮಾಡದೆ ಹಲಗೆ ಎಲ್ಲ ಎತ್ತಿಸಿ, ಬೋರಲು ಮಲಗಿ ತುದಿಯಿಂದ ತುದಿಗೆ ನೋಡಿದೆ. ಪೈಪನ್ನು ಸುತಳಿಯಿಂದ ಬೋಟಿನ ಒಳಗಿನ ಅಡ್ಡಪಟ್ಟಿಗೆ, ಅದರ ಪಕ್ಕೆಲುಬಿಗೆ, ಬಿಗಿಬಿಗಿ ಬಿಗಿದಿದ್ದರು, ದ್ರಾಕ್ಷಿಯ ತಂತಿಗೆ ಬಲಿತ ಬಳ್ಳಿ ಬಿಗಿದಂತೆ. ನಾನು ಓರೆ ತುದಿ ಕತ್ತರಿಸಿದ ಮೇಲೆ ಪೈಪು ಇನ್ನೂ ಗಿಡ್ಡಾಗಿ ತಂತಿಯ ಹಾಗೆ ಸೆಟೆದು ನಿಂತಿತ್ತು. ಎಂಜಿನ್ ನಡುಗಿದಾಗ ಬೋಟು ನಡುಗುತ್ತದೆ, ಬೋಟು ನಡುಗಿದಾಗ ಪೈಪು ಜಾಯಿಂಟಿನೊಳಗೆ ಹಿಂದೆಮುಂದೆ ಜಗ್ಗುತ್ತದೆ. ಅಷ್ಟು ಸಾಲದೆಂಬಂತೆ, ನಾನು ಚೆನ್ನಾಗಿವೆಯೆಂದು ಬಿಟ್ಟಿದ್ದ ಉಂಗುರಗಳನ್ನು ಉಗುರಿನಿಂದ ಒತ್ತಿದರೆ ನೆನೆಸಿದ ಕಡಲೆಯಂತೆ ಮೆತ್ತಗಿದ್ದವು. ಮೂಸಿ ನೋಡಿದೆ, ಗ್ರೀಸಿನ ವಾಸನೆ.

ಮೇಸ್ತ್ರಿ ನಾನು ಕೇಳುವ ಮೊದಲೇ ಹೇಳಿದ. “ಒಣಾ ಒಣಾ ಒಳಗ ಹೋಗವಲ್ಲಾಗಿದ್ದೂರಿ. ಬೋರಿನ ಮೋಟರಿಗಿ ಹಚ್ಚೂ ಗ್ರೀಸ್ ಸವರಿದ್ವಿ. ಸರ್ರಂತ ಹೋದೂ.”

ಗ್ರೀಸು ಕುಡಿದು ರಬ್ಬರು ಉಬ್ಬಿತ್ತು. ಅಂದರೆ ಇದ್ದ ಜಾಯಿಂಟುಗಳಲ್ಲಿ ಒಂದನ್ನೂ ನಂಬುವಂತಿರಲಿಲ್ಲ. ವಿಜಯಪುರದ ಅಂಗಡಿಗಳಿಗೆಲ್ಲ ಫೋನು ಹಚ್ಚಿದೆ. ಆ ಜಾತಿಯ ಜಾಯಿಂಟು ಯಾರ ಬಳಿಯೂ ಇಲ್ಲ, ಹೊರಗಿನಿಂದ ತರಿಸಬೇಕು, ಗುರುವಾರದೊಳಗೆ ಬರುವುದಿಲ್ಲ. ನನ್ನ ಬಳಿ ತಿಂಡಿ ಗಾಡಿಯ ಕೆಲಸದಲ್ಲಿ ಉಳಿದ ಹೊಸ ಪೈಪಿನ ಒಂದು ಸುರುಳಿ ಇತ್ತು, ಜಾಯಿಂಟುಗಳು ಒಂದು ಬೊಗಸೆಯಷ್ಟೂ ಇರಲಿಲ್ಲ.

ಯಜಮಾನರು ಕೇಳಿದ್ದು ಒಂದೇ ಮಾತು: “ಮ್ಯಾಲಿಂದ ಅಂಟು ಮೆತ್ತಿಬಿಡ್ರಲಾ ಆಪಾರ?”

“ಈ ಪೈಪಿಗಿ ಯಾವ ಅಂಟೂ ಹತ್ತಂಗಿಲ್ರಿ. ಹಾವಿನ ಮೈಯಿಗಿ ಬಣ್ಣ ಬಳದಂಗ, ಪೊರೆ ಬಿಟ್ಟು ಹೋಗ್ತೈತಿ.”

“ಎರಡು ಕೊಡ ನೀರು ಇಟ್ರ ಆತಲ್ರಿ,” ಅಂದ ಅಂಬಿಗ.

“ಏನ್ ಮಾತಾಡ್ತಿಯೋ? ಏಳು ತಿಂಗಳ ಬಸುರಿ, ಅಲುಗಾಡೋ ಬೋಟಿನಾಗ, ಆ ಗೂಡಿನಂಥ ಸಂಡಾಸದಾಗ ಬಗ್ಗಿ ಕೊಡದಿಂದ ನೀರು ತೋಡಬೇಕೇನು? ಜಾರಿ ಬಿದ್ರ ಯಾರು ಹೊಣಿ?” ಎಂದು ರೇಗಿದೆ. ಅವನ ಮೇಲೆ ಸಿಟ್ಟಿರಲಿಲ್ಲ, ನನ್ನ ಕೈ ಸಾಗುತ್ತಿಲ್ಲ ಎಂಬುದರ ಮೇಲೆ ಸಿಟ್ಟು.

ಸಂಜೆ ತಿರುಗಿ ಬರುವಾಗ ಯಜಮಾನರು ನನ್ನ ಸ್ಕೂಟಿಯನ್ನು ದಂಡೆಯಲ್ಲೇ ಬಿಡಿಸಿ, ಜೀಪಿನಲ್ಲಿ ನನ್ನನ್ನು ಟಿಕೋಟಾದ ಮನೆಗೆ ಕರೆದೊಯ್ದರು. “ಆಗಂಗಿಲ್ಲಂದ್ರ ನೀವ ಹೇಳಿಬಿಡ್ರಿ ಆಕಿಗಿ. ನನ್ನ ಬಾಯಿಂದ ಬರೂದಿಲ್ಲ,” ಎಂದರು. ಇದೆಂಥ ಕೆಲಸ ಹಚ್ಚಿದರಪ್ಪಾ ಎನಿಸಿತು.

ಹುಡುಗಿ ಹಾಸಿಗೆಯಲ್ಲಿ ದಿಂಬಿಗೆ ಒರಗಿದ್ದಳು. ಕಾಲ ಕೆಳಗೆ ಎರಡು ದಿಂಬು. ಮದುವೆಯಾಗಿ ಕನಮಡಿ ಊರಿನ ಸೊಸೆಯಾದ ಮೇಲೂ ಮುಖದಲ್ಲಿ ಇನ್ನೂ ಸಾಲಿಗೆ ಹೋಗುವ ಹುಡುಗಿಯ ಕಳೆ. ಬಾಗಿಲ ಬಳಿ ಆಯಿ ಕೌದಿ ಹೊದ್ದು ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಖರೇ ಹೇಳ್ರಿ ಆಪಾ,” ಎಂದಳು ಹುಡುಗಿ. “ಅಪ್ಪಾ ಎರಡು ದಿನದಿಂದ ನನ್ನ ಮಾರಿ ನೋಡವಲ್ಲ. ಆಗ್ತೈತೋ ಇಲ್ಲೋ?”

“ಯಾಕ ಅಷ್ಟು ಹಟಾ ಬೇ ನಿನಗ? ಮನ್ಯಾಗ ಮಾಡಿದ್ರ ಕುಬಸ ಆಗಂಗಿಲ್ಲೇನು?”

ಅವಳು ಮೇಲಿನ ಫ್ಯಾನಿನ ಕಡೆ ಬೆರಳು ಮಾಡಿದಳು. “ಎಷ್ಟ ತಿಂಗಳಾತ್ರಿ, ಬರೇ ಅದನ್ನ ನೋಡಾಕತ್ತೇನಿ. ಮಗ್ಗಲಾ ಬದಲ ಮಾಡಾಕ ಹೆದರಕಿ, ಸೀನಾಕ ಹೆದರಕಿ. ತುತ್ತು ಎತ್ತಿದ್ರ ಎಲ್ಲಾರೂ ನನ್ನ ಹೊಟ್ಟಿ ನೋಡ್ತಾರ. ನನಗ ಹಬ್ಬ ಬ್ಯಾಡ್ರಿ, ಸೀರಿ ಬ್ಯಾಡ. ಒಂದ ಹೊತ್ತು ಹೆದರಕಿ ಇಲ್ಲದ ಕೂತು ಹೊಟ್ಟಿ ತುಂಬ ಉಣಬೇಕು. ಅಪ್ಪಾನ ಬೋಟಿನಾಗ ಅಂದ್ರ ಉಣತೇನಿ ಅನಸ್ತೈತಿ. ಯಾಕ ಅಂತ ನನಗೂ ಗೊತ್ತಿಲ್ಲ.”

ಆಗುವುದಿಲ್ಲ ಎಂದು ಹೇಳಲು ಹೋದವಳು ನಾನು. “ಆಗ್ತೈತಿ,” ಎಂದುಬಿಟ್ಟೆ. ಹೊರಗೆ ಬರುವಾಗ ಆಯಿ ನನ್ನ ದುಪಟ್ಟಾ ಹಿಡಿದು ನಿಲ್ಲಿಸಿದರು. “ಮಾತು ಕೊಟ್ಟಿ ಯವ್ವಾ. ನನ್ನ ಮೊಮ್ಮಗಳ ಜೀಂವಾ ಐತಿ ಅದರಾಗ, ನೆಪ್ಪಿರಲಿ.” ಆಡಿದ ಮಾತು, ಒಡೆದ ಮುತ್ತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಜೀಪಿನಲ್ಲಿ ಕೂತು ಲೆಕ್ಕ ಹಾಕಿದೆ. ಕೈಯಲ್ಲಿರುವುದು ಒಂದು ಹಿಡಿ ಜಾಯಿಂಟು. ಬೋಟಿನಲ್ಲಿ ಬೇಕಾದದ್ದು ಅದರ ಮೂರು ಪಾಲು. ಜಾಯಿಂಟು ತರಲು ಆಗದು ಎಂದ ಮೇಲೆ ಜಾಯಿಂಟೇ ಬೇಡವಾಗುವಂತೆ ಮಾಡಬೇಕು. ಜಲನಗರ ಬರುವುದರೊಳಗೆ ನಿರ್ಧಾರ ಮಾಡಿದ್ದೆ.

“ನಾಳೆ ಹಳೇ ಪೈಪ್ ಅಷ್ಟೂ ಕಿತ್ತು ಒಗಿತೀನ್ರಿ,” ಎಂದೆ. “ಅಡಗಿ ಕಟ್ಟಿ ನಳ ಇಲ್ಲ. ಮುಂದಿನ ಕೈತೊಳಿಯೋ ಬೇಸಿನ್ ಇಲ್ಲ. ಬಿಸಿನೀರ ಪೈಪ್ ಅಂತೂ ಇಲ್ಲವ ಇಲ್ಲ. ಪಂಪಿನಿಂದ ಒಂದ ಅಖಂಡ ಪೈಪ್ ಸೀದಾ ಸಂಡಾಸಕ್ಕ. ಅಷ್ಟ.”

ಯಜಮಾನರು ಜೀಪು ನಿಲ್ಲಿಸಿಯೇಬಿಟ್ಟರು. ಅಡುಗೆ ಕಟ್ಟೆಗೆ ಅವರು ಹಂಸದ ಕೊರಳಿನಂಥ ಉಕ್ಕಿನ ನಳ ಹಾಕಿಸಿದ್ದರು. ನೋಡಲು ಬಂದವರಿಗೆಲ್ಲ ಅದನ್ನೇ ತಿರುಗಿಸಿ ತೋರಿಸುತ್ತಿದ್ದರು. “ಅದೊಂದ ಇರಲಿ ಬಿಡ್ರಿ ಆಪಾರ. ಬೀಗರು ಬರ್ತಾರ.”

“ಬೀಗರಿಗಿ ನಳ ತೋರಸ್ತೀರೋ, ಮಗಳಿಗಿ ಊಟಾ ಮಾಡಸ್ತೀರೋ? ಎರಡರಾಗ ಒಂದ ಹೇಳ್ರಿ.”

ಅವರು ಮತ್ತೆ ಜೀಪು ಚಾಲೂ ಮಾಡಿದರು. “ಕಿತ್ತ ಒಗೀರಿ,” ಎಂದರು.

ಮರುದಿನ ಬೆಳಗ್ಗೆ ಹಳೆಯದನ್ನೆಲ್ಲ ಕಿತ್ತು ದಂಡೆಗೆ ಎಸೆದೆವು. ಸುರುಳಿಯನ್ನು ಬಿಸಿಲಿಗೆ ಹಾಸಿ ಮೆತ್ತಗಾಗಲು ಬಿಟ್ಟೆ. ಆಮೇಲೆ ಒಂದೊಂದು ತುದಿಗೂ ಒಂದೇ ಶಾಸ್ತ್ರ. ಕಟ್ಟರಿನಿಂದ ನೇರ ಕತ್ತರಿಸುವುದು. ಬೆರಳಾಡಿಸಿ ಚೂಪು ಉಳಿದಿಲ್ಲ ಎಂದು ನೋಡುವುದು. ಪೈಪು ಚಪ್ಪಟೆಯಾಗದಂತೆ ತುದಿಯೊಳಗೆ ಸಣ್ಣ ಪ್ಲಾಸ್ಟಿಕ್ ಕೊಳವೆ ತೂರಿಸುವುದು. ಎಷ್ಟು ಒಳಗೆ ಹೋಗಬೇಕೋ ಅಲ್ಲಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯುವುದು. ದಬ್ಬುವಾಗ ಉಂಗುರದ ಬಳಿ ಪೈಪು ಒಮ್ಮೆ ತಡೆಯುತ್ತದೆ. ಅಲ್ಲಿ ಮುಗಿಯಿತು ಎಂದುಕೊಂಡರೆ ಮೋಸ. ಗೆರೆ ಮಾಯವಾಗುವವರೆಗೆ ದಬ್ಬಬೇಕು, ಆಮೇಲೆ ಹಿಂದಕ್ಕೆ ಜಗ್ಗಿ ನೋಡಬೇಕು. ಗ್ರೀಸಿಲ್ಲ, ಎಣ್ಣೆ ಇಲ್ಲ, ಒದ್ದೆ ಬೆರಳಿನ ನೀರಷ್ಟೇ.

ಇಷ್ಟಾಗಿ ಒಂದು ತೊಡಕು ಉಳಿಯಿತು. ಪೈಪನ್ನು ಬೋಟಿಗೆ ಹಿಡಿಸಬೇಕು. ಕಟ್ಟದಿದ್ದರೆ ಹಾವಿನ ಹಾಗೆ ಹರಿದಾಡಿ ಜಾಯಿಂಟಿಗೆ ಭಾರ ಬೀಳುತ್ತದೆ. ಬಿಗಿದು ಕಟ್ಟಿದರೆ ನಿನ್ನೆಯ ಗತಿ. ನನ್ನ ಬಳಿ ಇದ್ದ ಕ್ಲಿಪ್ಪುಗಳು ಗೋಡೆಯವು, ಗಪ್ಪನೆ ಹಿಡಿದು ಅಲುಗಲು ಬಿಡವು. ಒಂದೆರಡು ಹಾಕಿ ನೋಡಿ ಕಿತ್ತೆಸೆದೆ.

ಎರಡು ದಿನದಿಂದ ಮೂಲೆ ಹಿಡಿದಿದ್ದ ಮೇಸ್ತ್ರಿ ಮೆಲ್ಲಗೆ ಕೇಳಿದ. “ಆಪಾರ, ನಿಮಗ ಇದು ಬೀಳಬಾರದು, ಆದ್ರ ಬಿಗೀನೂ ಆಗಬಾರದು. ಹೌದಲ್ಲೋ?”

“ಹೌದ್ ನೋಡು.”

“ಎಳೀ ಬಳ್ಳಿ ಕಟ್ಟಿದಂಗ ಕಟ್ಲೇನು?”

ಕಿಸೆಯಿಂದ ಸುತಳಿ ತೆಗೆದು ಇಂಗ್ಲಿಷ್ ಎಂಟರ ಆಕಾರದಲ್ಲಿ ಒಂದು ಸುತ್ತು ತೋರಿಸಿದ. ಎಂಟರ ಒಂದು ಕಣ್ಣು ಬೋಟಿನ ಪಕ್ಕೆಲುಬಿಗೆ ಬಿಗಿಯಾಗಿ, ಇನ್ನೊಂದು ಕಣ್ಣು ಪೈಪಿನ ಸುತ್ತ ಸಡಿಲವಾಗಿ, ನಡುವೆ ಸುತಳಿ ಅಡ್ಡ ಹಾದು ಎರಡೂ ಒಂದನ್ನೊಂದು ಉಜ್ಜದ ಹಾಗೆ. “ಬಲಿತ ಬಳ್ಳಿ ಬಿಗಿದ್ರ ನಡಿತೈತ್ರಿ. ಎಳೀದನ್ನ ಬಿಗಿದ್ರ ಕೊಳ್ಳ ಹಿಸಿಕಿ ಸಾಯ್ತೈತಿ. ಅದಕ್ಕ ಬೆಳಿಯಾಕ ಜಾಗಾ ಬಿಟ್ಟು ಕಟ್ಟೂದು. ಇದನ್ನ ಬಲಿತದ್ದು ಅಂತ ತಿಳಕೊಂಡಿದ್ದೆ, ಅಲ್ಲೇ ತಪ್ಪಾತು.”

ಪೈಪು ಹಿಡಿದು ಅಲುಗಿಸಿದೆ. ಜಾರುತ್ತದೆ, ಬೀಳುವುದಿಲ್ಲ. “ಶಾಬಾಸ್ ಮೇಸ್ತ್ರಿ! ಇದನ್ನ ಮೊದಲ ದಿನ ಯಾಕ ಬಾಯಿ ಬಿಡಲಿಲ್ಲೋ?” ಎಂದು ಅವನ ಬೆನ್ನಿಗೆ ಗುದ್ದಿದೆ.

“ನೀವು ಬೈಯಾಕತ್ತಿದ್ರಿ, ನಡಕ ಜಾಗಾನ ಸಿಗಲಿಲ್ಲ,” ಎಂದ. ಮೊದಲ ಬಾರಿಗೆ ಅವನು ನಕ್ಕ.

ನಾನು ಜಾಯಿಂಟು ಕೂಡಿಸುತ್ತ ಹೋದೆ, ಅವನು ಹಿಂದೆಯೇ ಕಟ್ಟುತ್ತ ಬಂದ. ಎರಡೂ ತುದಿಗೆ ಪೈಪಿನ ಒಂದೊಂದು ಸಡಿಲು ಸುತ್ತು ಬಿಟ್ಟೆವು. ಟಾಕಿ ತೊಳೆದು ಒಳ್ಳೆಯ ನೀರು ತುಂಬಿ ಪಂಪು ಹಚ್ಚಿದೆ. ಒತ್ತಡ ತುಂಬಿದ ಕೂಡಲೇ ಪಂಪು ತಾನಾಗಿ ನಿಂತಿತು. ಎಲ್ಲಾದರೂ ಸೋರಿದರೆ ಒತ್ತಡ ಇಳಿದು ಮತ್ತೆ ಗುರ್ ಎನ್ನುತ್ತದೆ. ಎಂಜಿನ್ ಹಚ್ಚಿ ನಡುನೀರಿಗೆ ಹೋಗಿ, ಅಂಬಿಗ ಬೇಕೆಂದೇ ಎಡಕ್ಕೆ ಬಲಕ್ಕೆ ತಿರುಗಿಸಿ ಬೋಟನ್ನು ಕುಣಿಸಿದ. ನಾನು ಹಲಗೆಯ ಮೇಲೆ ಬೋರಲು ಮಲಗಿ ಕೈ ಪಂಪಿನ ಮೇಲಿಟ್ಟಿದ್ದೆ.

ಪಂಪು ಗುರ್ ಎಂದಿತು.

ಯಾ ಅಲ್ಲಾ! ಒಂದೊಂದೇ ಜಾಯಿಂಟು ಮುಟ್ಟಿ ನೋಡಿದೆ. ಒಣಗಿವೆ. ಪೇಪರೂ ಒಣಗಿದೆ. ಹಾಗಾದರೆ ನೀರು ಎಲ್ಲಿ ಹೋಗುತ್ತಿದೆ? ಯಜಮಾನರ ಮುಖದಲ್ಲಿ ಜೀವ ಇರಲಿಲ್ಲ. ಆಗ ಸಂಡಾಸಿನೊಳಗಿಂದ ಮೇಸ್ತ್ರಿ ಕೂಗಿದ: “ಆಪಾರ, ಈ ನಳ ತೊಟಕಾಕತ್ತೈತಿ. ಪೂರಾ ಬಂದ್ ಮಾಡೀರಿಲ್ಲೋ?” ಹೋಗಿ ನೋಡಿದರೆ ನಳದ ಒಳಗಿನ ರಬ್ಬರ್ ಬಿಲ್ಲೆ, ಅಂದರೆ ವಾಯ್ಸರು, ಸವೆದಿತ್ತು. ಜಲನಗರದ ಪ್ರತಿ ಮನೆಯಲ್ಲೂ ನಾನು ದಿನಾ ಬದಲಿಸುವ ಅದೇ ಪುಟ್ಟ ವಾಯ್ಸರು! ಚೀಲದಲ್ಲಿ ಒಂದು ಮುಷ್ಟಿ ಇದ್ದವು. ನಾನು ಅಲ್ಲೇ ಕುಸಿದು ಕೂತು ನಗತೊಡಗಿದೆ, ನಗು ನಿಲ್ಲಲೇ ಇಲ್ಲ. ವಾಯ್ಸರು ಹಾಕಿ ಮತ್ತೊಂದು ಸುತ್ತು ಹೊಡೆದೆವು. ಪಂಪು ದಂಡೆ ಮುಟ್ಟುವವರೆಗೂ ಸುಮ್ಮನಿತ್ತು.

ಗುರುವಾರ ನನ್ನನ್ನೂ ಬೋಟಿಗೆ ಹತ್ತಿಸಿದರು. ನೀವಿಲ್ಲದೆ ಬೋಟು ಬಿಡುವುದಿಲ್ಲ ಎಂದು ಯಜಮಾನರು ಹಟ ಹಿಡಿದರು. ಚೀಲ ಕಾಲಡಿ ಇಟ್ಟುಕೊಂಡು ಎಂಜಿನ್ ಪೆಟ್ಟಿಗೆಯ ಪಕ್ಕ ಕೂತೆ. ಹುಡುಗಿ ಹಸಿರು ಸೀರೆ ಉಟ್ಟು ಕೈತುಂಬ ಹಸಿರು ಬಳೆ ತೊಟ್ಟು ಅಪ್ಪನ ತೋಳು ಹಿಡಿದು ಹತ್ತಿದಳು. ಆಯಿ ಹತ್ತುವ ಮುಂಚೆ ಹೊಳೆಗೆ ಅರಿಶಿನ ಕುಂಕುಮ ಬಿಟ್ಟು, “ದಾಟಂಗಿಲ್ಲವಾ ತಾಯಿ, ನಿನ್ನ ಮಡಲಾಗ ಕುಂತು ಉಂಡು ಹೊಳ್ಳಿ ಬರ್ತೀವಿ,” ಎಂದು ಒಪ್ಪಿಗೆ ಕೇಳಿದರು.

ಬೋಟು ಹೊರಟ ಸ್ವಲ್ಪ ಹೊತ್ತಿಗೇ ಹುಡುಗಿ ಎದ್ದಳು. ಅವಳ ತಾಯಿ ಜೊತೆಗೆ ಹೋಗಿ ಸಂಡಾಸಿನ ಬಾಗಿಲ ಹೊರಗೆ ನಿಂತರು. ಹೆಂಗಸರ ಹಾಡು ನಡೆದೇ ಇತ್ತು, ನನ್ನ ಕಿವಿ ಮಾತ್ರ ಹಲಗೆಯ ಕೆಳಗೆ. ಪಂಪು ಗುರ್ ಎಂದಿತು, ನೀರು ಹರಿಯಿತು, ನಳ ನಿಂತಿತು, ಪಂಪೂ ನಿಂತಿತು. ಯಜಮಾನರು ನನ್ನನ್ನು ನೋಡಿದರು, ನಾನು ತಲೆಯಾಡಿಸಿದೆ. ಹುಡುಗಿ ಕೈ ಒರೆಸುತ್ತ ಹೊರಗೆ ಬಂದು, “ಅಪ್ಪಾ, ನಮ್ಮ ಮನಿ ನಳಕ್ಕಿಂತ ಜೋರ ಬರ್ತೈತಿ!” ಎಂದಳು. ಎಲ್ಲರೂ ಘೊಳ್ಳೆಂದು ನಕ್ಕರು. ನನಗೆ ಬೇಕಾದ ಸರ್ಟಿಫಿಕೇಟು ಅಷ್ಟೇ.

ನಡುನೀರಿನಲ್ಲಿ ಎಂಜಿನ್ ಬಂದ್ ಮಾಡಿ ತಾಟು ಹಾಸಿದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು, ಶೇಂಗಾ ಹೋಳಿಗೆ. ಹುಡುಗಿ ಮೊದಲ ತುತ್ತು ಹೆದರಿಕೊಂಡೇ ತಿಂದಳು. ಆಮೇಲೆ ತಿಂದಳು ನೋಡಿ! ರೊಟ್ಟಿ ಮುರಿದು ಮುರಿದು ತಿಂದಳು, ಬೆರಳು ನೆಕ್ಕಿದಳು, ಇನ್ನೊಂದು ಹೋಳಿಗೆ ಕೇಳಿದಳು, ಅದೂ ಆದ ಮೇಲೆ ಪಕ್ಕದ ಅತ್ತಿಗೆಯ ತಾಟಿನಿಂದ ಚೂರು ಕದ್ದಳು. ಅವಳ ಹೊಟ್ಟೆಯನ್ನು ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಅವಳ ಬಾಯಿಯ ಮೇಲೆ. ಊಟ ಮುಗಿದು ಹಾಡು ಶುರುವಾಗುವುದರೊಳಗೆ ಅವಳು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಗ್ಗುಲಾದಳು. ನಿದ್ದೆ ಬಂದೇಬಿಟ್ಟಿತು. ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ.

ಬಿಸಿಲೇರುತ್ತಿತ್ತು. ತಿರುಗಿ ಹೋಗೋಣವೇ ಎಂಬಂತೆ ಅಂಬಿಗ ಎಂಜಿನ್ನಿನ ಚಾವಿಗೆ ಕೈ ಹಾಕಿದ. ಆಯಿ ಅವನ ಕೈ ಹಿಡಿದರು.

“ಹಚ್ಚಬ್ಯಾಡೋ. ಎಷ್ಟ ತಿಂಗಳಾತು ನನ್ನ ಕೂಸು ಹಿಂಗ ಮಲಗಿ? ಮಲಗಲಿ. ಹೊಳಿ ಏನ್ ಓಡಿ ಹೊಂಟಿಲ್ಲ.”

ಬೋಟು ಹಾಗೇ ನಿಂತಿತು. ನನಗೆ ಅಳು ಬಂತು. ಮೇಸ್ತ್ರಿಯ ಕಣ್ಣಿಗೆ ಬೀಳಬಾರದೆಂದು, ಕೆಲಸ ಇದ್ದವಳಂತೆ ಹಲಗೆ ಎತ್ತಿ ಬೋಟಿನ ಹೊಟ್ಟೆಯೊಳಗೆ ತಲೆ ತೂರಿಸಿದೆ. ಕೆಳಗೆಲ್ಲ ಒಣಗಿತ್ತು. ಅಲ್ಲಿ ಬಿದ್ದ ಎರಡು ಹನಿ ನನ್ನವೇ.